ಮಾಲೆ ಹಾಕಗೊಡದ ಪಂಚಾಕ್ಷರಿಯಣ್ಣ

ಪಂಚಾಕ್ಷರಿಯಣ್ಣ ಹದಿನೆಂಟು ವರ್ಷ ಯಾರನ್ನೂ ಸಾಯಲು ಬಿಡಲಿಲ್ಲ. ಹಾಗೆಂದು ಅವರು ಡಾಕ್ಟರಲ್ಲ. ಚೆನ್ನೈನ ತಮಿಳು ಧಾರಾವಾಹಿಗಳಿಗೆ ಕರ್ನಾಟಕದಿಂದ ನಟನಟಿಯರನ್ನು ಒದಗಿಸುವ ಏಜೆಂಟ್. ಧಾರಾವಾಹಿಯಲ್ಲಿ ಒಂದು ಪಾತ್ರ ಸತ್ತರೆ ಮರುದಿನ ನಡುಮನೆಯ ಗೋಡೆಗೆ ಆ ಪಾತ್ರದ ಫೋಟೊ ಬರುತ್ತದೆ, ಫೋಟೊಗೆ ಮಾಲೆ ಬರುತ್ತದೆ. ಪಾತ್ರ ಮಾಡುತ್ತಿದ್ದವರಿಗೆ ಅಲ್ಲಿಗೆ ಕೆಲಸ ಹೋಯಿತು. ಆ ಮಾಲೆಯನ್ನು ತಡೆಯುವುದೇ ಪಂಚಾಕ್ಷರಿಯಣ್ಣನ ಕಸುಬು.

ಅವರು ಮಾಡಿಸುವ ಪ್ರತಿ ಅಗ್ರಿಮೆಂಟಿನ ಕೊನೆಗೂ ಸ್ವಂತ ಕೈಬರಹದಲ್ಲಿ ಒಂದು ಸಾಲು ಸೇರಿಸುತ್ತಿದ್ದರು: ‘ಕಲಾವಿದರನ್ನು ಸಾಯಿಸುವ ಮುಂಚೆ ನನಗೆ ತಿಳಿಸತಕ್ಕದ್ದು.’ ತಿಳಿಸಿದರೆ ಮುಗಿಯಿತು. ಸ್ಕೂಟರ್ ಹತ್ತಿ ವಡಪಳನಿಯ ಸ್ಟುಡಿಯೋಗೆ ಬಂದು ನಿರ್ದೇಶಕರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಹಣೆಯಲ್ಲಿ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಎರಡು ಫೋನು, ಮುಖದಲ್ಲಿ ಸಾವಿನ ಮನೆಗೆ ಬಂದವರ ಗಾಂಭೀರ್ಯ. ಅಲ್ಲಿ ಏನು ಮಾತಾಯಿತೆಂದು ಆಮೇಲೆ ನನಗೆ ತಮ್ಮ ರಾಣೆಬೆನ್ನೂರು ಕನ್ನಡದಲ್ಲಿ ವರದಿ ಒಪ್ಪಿಸುತ್ತಿದ್ದರು. “ಸಾಯ್ಸಬ್ಯಾಡ್ರಿ ಸಾರ್, ಕಾಶಿಗೆ ಕಳಸ್ರಿ ಅಂದೆ ತಂಗಿ. ಕಾಶಿಯಿಂದ ವಾಪಸ್ ಬರಬಹುದು. ಟ್ರೈನ್ ಐತಿ.”

ಕಾಶಿ ಒಪ್ಪದ ನಿರ್ದೇಶಕರಿಗೆ ಕೋಮಾ, ಕೋಮಾ ಒಪ್ಪದವರಿಗೆ ಸಿಂಗಾಪುರದ ಮಗಳ ಬಾಣಂತನ. ಹೀಗೆ ಒಂದು ಕಾಲದಲ್ಲಿ ಚೆನ್ನೈನ ಧಾರಾವಾಹಿಗಳಲ್ಲಿ ಐದಾರು ಜನ ಏಕಕಾಲಕ್ಕೆ ಕಾಶಿಯಲ್ಲಿದ್ದರು. ಎಲ್ಲರೂ ಪಂಚಾಕ್ಷರಿಯಣ್ಣನ ಕಡೆಯವರು.

ನನ್ನನ್ನು ಈ ಲೋಕಕ್ಕೆ ತಂದವರೂ ಅವರೇ. ನಮ್ಮಪ್ಪ ರೈಲ್ವೆಯಲ್ಲಿದ್ದರು. ನಾನು ಓದಿದ್ದೆಲ್ಲ ತಮಿಳು ಶಾಲೆಯಲ್ಲಿ, ಮನೆಯಲ್ಲಿ ಆಡುತ್ತಿದ್ದದ್ದು ತುಮಕೂರಿನ ಕನ್ನಡ. ಟಿ. ನಗರದಲ್ಲಿ ಪಂಚಾಕ್ಷರಿಯಣ್ಣ ತಮ್ಮ ಅಣ್ಣಂದಿರ ಜೊತೆ ನಡೆಸುತ್ತಿದ್ದ ಸೀರೆ ಅಂಗಡಿಗೆ ಅಮ್ಮನ ಜೊತೆ ಹೋಗಿದ್ದಾಗ, ಎರಡು ಭಾಷೆಯಲ್ಲೂ ಒಂದೇ ಉಸಿರಿಗೆ ಚೌಕಾಸಿ ಮಾಡುತ್ತಿದ್ದ ನನ್ನನ್ನು ಅವರು ಗಮನಿಸಿ, “ನಿನ್ನ ದನಿ ಎಷ್ಟು ದೂರ ಕೇಳ್ತೈತಿ?” ಎಂದು ಕೇಳಿದರು. ಸೀರೆಯ ಬೆಲೆ ಕಡಿಮೆ ಮಾಡಲಿಲ್ಲ. ಮರುವಾರ ನಾನು ಪ್ರಾಂಪ್ಟರ್ ಆಗಿದ್ದೆ. ತಮಿಳು ಬಾರದ ಕನ್ನಡದ ನಟಿಯರಿಗೆ ಕ್ಯಾಮೆರಾ ಪಕ್ಕ ನಿಂತು ಒಂದೊಂದೇ ಸಾಲು ಗಟ್ಟಿಯಾಗಿ ಹೇಳಿಕೊಡುವ ಕೆಲಸ. ಅವರು ಕೇಳಿದ್ದನ್ನು ನುಡಿಯುತ್ತಾರೆ, ಆಮೇಲೆ ಬೇರೆ ಯಾರೋ ಡಬ್ ಮಾಡುತ್ತಾರೆ. ನನ್ನ ದನಿಯನ್ನು ಲಕ್ಷಾಂತರ ಜನ ಕೇಳಿಯೇ ಇಲ್ಲ.

ಏಜೆಂಟ್ ಆಗಿದ್ದವರು ನಿರ್ಮಾಪಕರಾಗಿದ್ದು ಕೋಪದಿಂದ. ಒಬ್ಬ ನಿರ್ಮಾಪಕರು ತಿಳಿಸದೆಯೇ ಇವರ ಕಡೆಯ ಮೂವರನ್ನು ಒಂದೇ ಬಸ್ ಅಪಘಾತದಲ್ಲಿ ಮುಗಿಸಿಬಿಟ್ಟರು. ಪಂಚಾಕ್ಷರಿಯಣ್ಣ ಮೂರು ದಿನ ಅಂಗಡಿಯ ಲೆಕ್ಕಪುಸ್ತಕ ಮುಂದಿಟ್ಟುಕೊಂಡು ಕೂತರು. ನಾಲ್ಕನೇ ದಿನ ತಮ್ಮ ಪಾಲಿನ ಅಂಗಡಿಯನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಸಿನಿಮಾ ತೆಗೆಯಲು ಇಳಿದರು. ತಾವು ಬೆಳೆಸಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಪಾತ್ರ. ಕಥೆಯ ಮದುವೆ ದೃಶ್ಯವೇ ಅರ್ಧ ಗಂಟೆ ಆಯಿತು, ಏಕೆಂದರೆ ಎಲ್ಲರೂ ಅಕ್ಷತೆ ಹಾಕಬೇಕಿತ್ತು. ಕತ್ತರಿಸಿ ಎಂದವರಿಗೆ, “ಯಾರನ್ನ ಕತ್ತರಸ್ಲಿ? ಹೆಸರು ಹೇಳ್ರಿ” ಎಂದರು. ಸಿನಿಮಾ ಒಂದು ವಾರ ಓಡಿತು. ನೋಡಿದವರಿಗಿಂತ ನಟಿಸಿದವರು ಹೆಚ್ಚು ಎಂದು ಅವರೇ ಹೇಳಿಕೊಂಡು ತಿರುಗುತ್ತಿದ್ದರು.

ಆಮೇಲೆ ಧಾರಾವಾಹಿ ಹಿಡಿದರು. ಅದು ಚೆನ್ನಾಗಿ ಓಡಿತು. ನಿರ್ಮಾಪಕರಾಗಿ ಪಾತ್ರ ಕಡಿಮೆ ಮಾಡಬೇಕು, ಏಜೆಂಟಾಗಿ ಉಳಿಸಬೇಕು. ತಮ್ಮೊಳಗೆ ತಾವೇ ಜಗಳಾಡಿ ಪ್ರತಿ ಸಲವೂ ನಿರ್ಮಾಪಕರು ಸೋಲುತ್ತಿದ್ದರು.

ಆ ಧಾರಾವಾಹಿಯ ಅಜ್ಜಿ ನೀಲಮ್ಮ. ಹಾವೇರಿ ಕಡೆಯ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ನಾಯಕಿಯಾಗಿದ್ದವರು, ಪಂಚಾಕ್ಷರಿಯಣ್ಣ ಚೆನ್ನೈಗೆ ಕರೆತಂದ ಮೊಟ್ಟಮೊದಲ ಕಲಾವಿದೆ. ವೇಲಚೇರಿಯಲ್ಲಿ ತಂಗಿಯ ಮಗಳು ಗಿರಿಜಾಳ ಮನೆಯಲ್ಲಿದ್ದರು. ಎಪ್ಪತ್ತೆರಡನೇ ವಯಸ್ಸಿಗೆ ಅವರಿಗೆ ಮರೆವು ಶುರುವಾಯಿತು. ಮೊದಲು ತಮಿಳು ಹೋಯಿತು, ಅದು ಮೊದಲೂ ಅಷ್ಟಾಗಿ ಇರಲಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಾನು ಹೇಳಿಕೊಟ್ಟ ಸಾಲು ಅರ್ಧಕ್ಕೇ ನಿಲ್ಲತೊಡಗಿತು. ಅಜ್ಜಿಯ ಕಥೆ ಮುಗಿಸಿ ಎಂದು ಚಾನೆಲ್‌ನವರು ಹೇಳಿದರು. ಪಂಚಾಕ್ಷರಿಯಣ್ಣ ಅಜ್ಜಿಯನ್ನು ಕೋಮಾದಲ್ಲಿ ಮಲಗಿಸಿದರು. ಮಾತಿಲ್ಲ, ಮರೆವಿನ ಭಯವಿಲ್ಲ, ದಿನಾ ಬಂದು ಮಂಚದ ಮೇಲೆ ಮಲಗಿದರೆ ಆಯಿತು. ಏಳು ತಿಂಗಳು ಹೀಗೇ ನಡೆಯಿತು. ಅವರು ಕೆಲವೊಮ್ಮೆ ನಿಜವಾಗಿಯೂ ನಿದ್ದೆ ಹೋಗುತ್ತಿದ್ದರು; ಆ ದಿನ ನಟನೆ ಚೆನ್ನಾಗಿತ್ತೆಂದು ನಿರ್ದೇಶಕರು ಹೊಗಳುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನೀಲಮ್ಮ ಮಂಚದಿಂದೆದ್ದು ಬಂದು ಪಂಚಾಕ್ಷರಿಯಣ್ಣನ ಎದುರು ನಿಂತರು. ಅವರು ಮೊಸರನ್ನ ಉಣ್ಣುತ್ತಿದ್ದರು.

“ಪಂಚಾಕ್ಷರಿ, ನನ್ನ ಸಾಯ್ಸು.”

“ಯಾಕ್ರೀ ಅವ್ವಾರೆ? ಊಟ ಸರಿ ಬರಲಿಲ್ಲೇನು?”

“ಮಲಗೂದು ಆ್ಯಕ್ಟಿಂಗ್ ಅಲ್ಲೋ. ಕಂಪನ್ಯಾಗ ನಾ ಸತ್ತರ ಜನ ಎದ್ದು ನಿಂತು ಅಳತಿದ್ರು. ಎಲ್ಲಾ ಮರೆಯೂದರೊಳಗ ಒಂದ ಸೀನು ಕೊಡು. ಚಂದಾಗಿ ಸಾಯ್ತೀನಿ.”

“ಆಮ್ಯಾಲೆ ನಿಮಗ ಕೆಲಸ ಇರೂದಿಲ್ರಿ.”

“ಈಗೇನೈತಿ?” ಎಂದರು ನೀಲಮ್ಮ.

ಪಂಚಾಕ್ಷರಿಯಣ್ಣ ಮೊಸರನ್ನ ಪೂರ್ತಿ ಮಾಡದೆ ಕೈ ತೊಳೆದರು. ಅವರು ಅನ್ನ ಬಿಟ್ಟು ಏಳುವುದನ್ನು ನಾನು ಅದೊಂದೇ ಸಲ ನೋಡಿದ್ದು. ಎರಡು ದಿನ ಯೋಚಿಸಿ, ಮೂರನೇ ದಿನ ಅಗ್ರಿಮೆಂಟ್ ತೆಗೆದು ತಮ್ಮದೇ ಸಾಲಿನ ಕೆಳಗೆ ‘ತಿಳಿಸಲಾಗಿದೆ’ ಎಂದು ಬರೆದು ಸಹಿ ಹಾಕಿದರು. ಸೆಟ್ಟಿನಲ್ಲಿ ಫೋಟೊಗಳಿಗೆ ಯಾವಾಗಲೂ ಪ್ಲಾಸ್ಟಿಕ್ ಮಾಲೆ. ಇವರು ಬೆಳಗ್ಗೆ ಐದಕ್ಕೆ ತಾವೇ ಕೋಯಂಬೇಡಿನ ಹೂವಿನ ಮಾರುಕಟ್ಟೆಗೆ ಹೋಗಿ ತಾಜಾ ಮಲ್ಲಿಗೆಯ ಮಾಲೆ ತಂದರು.

ಶಾಟ್‌ಗೆ ಮುಂಚೆ ನೀಲಮ್ಮ ನನ್ನ ಕೈ ಹಿಡಿದು, “ಇವತ್ತು ನೀ ಏನೂ ಹೇಳಬ್ಯಾಡ” ಎಂದರು. ನಾನು ಕ್ಯಾಮೆರಾ ಪಕ್ಕ ಬಾಯಿ ಮುಚ್ಚಿ ನಿಂತೆ. ಅವರು ಕಣ್ಣು ತೆರೆದರು, ಮಗನ ಪಾತ್ರದವನ ಗಲ್ಲ ಸವರಿದರು, ಸೊಸೆಗೆ ಮನೆಯ ಕೀಲಿಕೈ ಕೊಟ್ಟು ಏನೇನೋ ಬುದ್ಧಿ ಹೇಳಿದರು. ಎಲ್ಲವೂ ಅಚ್ಚ ಹಾವೇರಿ ಕನ್ನಡ. ತಮಿಳಿನ ಮಗ ಒಂದಕ್ಷರ ಅರ್ಥವಾಗದೆ ಬಿಕ್ಕಿ ಬಿಕ್ಕಿ ಅತ್ತ. ಲೈಟ್ ಹಿಡಿದವರು ಅತ್ತರು. ನಾನೂ ಅತ್ತೆ. ಪಂಚಾಕ್ಷರಿಯಣ್ಣ ಮಾನಿಟರ್ ನೋಡುತ್ತ, “ಫೋಕಸ್ ಸರಿ ಇತ್ತೇನು?” ಎಂದು ಎರಡು ಸಲ ಕೇಳಿದರು.

ಮರುದಿನ ಒಂಬತ್ತೂವರೆಗೆ ನೀಲಮ್ಮ ಸೆಟ್ಟಿಗೆ ಬಂದರು.

ಎಂದಿನಂತೆ ತಲೆ ಬಾಚಿ, ಕೈಚೀಲ ಹಿಡಿದು, ಎಲ್ಲರಿಗೂ ವಣಕ್ಕಂ ಹೇಳುತ್ತ ಒಳಗೆ ಬಂದರು. ಹಿಂದಿನ ದಿನ ಸತ್ತದ್ದು ಅವರಿಗೆ ನೆನಪಿರಲಿಲ್ಲ. ಸೆಟ್ಟಿನ ನಡುಮನೆಯಲ್ಲಿ ಅವರ ಫೋಟೊ ಮಲ್ಲಿಗೆ ಮಾಲೆ ಹಾಕಿಕೊಂಡು ಘಮಘಮಿಸುತ್ತಿತ್ತು. ಪಂಚಾಕ್ಷರಿಯಣ್ಣ ಸ್ಟೂಲ್ ಹತ್ತಿ ಫೋಟೊ ಇಳಿಸಿ, ಅದನ್ನು ಕುರ್ಚಿಯ ಮೇಲೆ ಮಗುಚಿ ಹಾಕಿ, ಅದರ ಮೇಲೆ ಕೂತುಬಿಟ್ಟರು. “ಬರ್ರಿ ಅವ್ವಾರೆ, ಹತ್ತು ನಿಮಿಷದಾಗ ಶಾಟ್ ರೆಡಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ಏನರ ಹೇಳಿಕೊಡು” ಎಂದು ಪಿಸುಗುಟ್ಟಿದರು. ಕ್ಯಾಮೆರಾಮನ್ ರೆಕಾರ್ಡ್ ಗುಂಡಿ ಒತ್ತದೆ ಕ್ಯಾಮೆರಾ ತಿರುಗಿಸಿದ. ನಾನು ಸಾಲು ಹೇಳಿದೆ, ನೀಲಮ್ಮ ನುಡಿದರು, ಪಂಚಾಕ್ಷರಿಯಣ್ಣ “ಕಟ್, ಭಾಳ ಚಂದ” ಎಂದರು.

ಅಂದಿನಿಂದ ಧಾರಾವಾಹಿ ಮುಗಿಯುವವರೆಗೂ ಹೀಗೆಯೇ ನಡೆಯಿತು. ದಿನಾ ಮೊದಲ ಶಾಟ್ ನೀಲಮ್ಮನದು, ಯಾವ ಕಂತಿನಲ್ಲೂ ಬಾರದ ಶಾಟ್. ಹೊತ್ತು ಹಾಳು ಎಂದು ಗೊಣಗಿದ ಮ್ಯಾನೇಜರಿಗೆ ಪಂಚಾಕ್ಷರಿಯಣ್ಣ, “ರಿಹರ್ಸಲ್ ಅಂತ ತಿಳ್ಕೊ” ಎಂದರು.

ಸೆಟ್ ಬಿಚ್ಚಿದ ಮೇಲೂ ಅವರು ನಿಲ್ಲಿಸಲಿಲ್ಲ. ಹೊಸ ಧಾರಾವಾಹಿಗೆ ಯಾರೋ ಕರೆದರೆ, ಬೆಳಗ್ಗೆ ಹತ್ತಕ್ಕೆ ತಮಗೆ ಶೂಟಿಂಗ್ ಇದೆ ಎಂದು ಹೇಳಿ ಕಳಿಸಿದರು. ದಿನಾ ಹತ್ತಕ್ಕೆ ವೇಲಚೇರಿಗೆ ಹೋಗುತ್ತಿದ್ದರು. ಮಳೆಗೆ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತ ದಿನವೂ ಪ್ಯಾಂಟ್ ಮಡಚಿಕೊಂಡು ಹೋದರು. ಅಲ್ಲಿಂದ ನನಗೆ ಫೋನ್ ಮಾಡಿ ಸ್ಪೀಕರ್ ಹಾಕಿ, “ತಂಗಿ, ಶಾಟ್ ರೆಡಿ” ಎನ್ನುತ್ತಿದ್ದರು. ನಾನು ಎಲ್ಲಿದ್ದರೂ, ಕೆಲವು ಸಲ ಬಸ್ಸಿನಲ್ಲಿ ನಿಂತುಕೊಂಡೇ, ಒಂದು ಸಾಲು ಗಟ್ಟಿಯಾಗಿ ಹೇಳುತ್ತಿದ್ದೆ. ಬಸ್ಸಿನವರು ತಿರುಗಿ ನೋಡುತ್ತಿದ್ದರು. ಆ ಕಡೆಯಿಂದ ನೀಲಮ್ಮ ಅದನ್ನು ನುಡಿಯುತ್ತಿದ್ದರು. “ಕಟ್” ಎಂದು ಪಂಚಾಕ್ಷರಿಯಣ್ಣ ಫೋನ್ ಇಡುತ್ತಿದ್ದರು. ನೀಲಮ್ಮ ನಿಮಗೇನಾಗಬೇಕು ಎಂದು ನಾನೊಮ್ಮೆ ಕೇಳಿದೆ. “ನಾ ಅವರ ಏಜೆಂಟು” ಎಂದರು.

ಹೋದ ಕಾರ್ತಿಕದಲ್ಲಿ, ಒಂದು ಭಾನುವಾರ ಪೇಪರ್ ಓದುತ್ತ ಕೂತಲ್ಲೇ ಪಂಚಾಕ್ಷರಿಯಣ್ಣನ ಎದೆಬಡಿತ ನಿಂತಿತು. ಯಾರನ್ನೂ ಕೇಳಲಿಲ್ಲ, ಯಾರಿಗೂ ತಿಳಿಸಲಿಲ್ಲ. ಅವರು ಬೆಳೆಸಿದವರೆಲ್ಲ ಬಂದರು. ಬೀದಿಯಲ್ಲಿ ಜಾಗ ಸಾಲಲಿಲ್ಲ. ನೀಲಮ್ಮನನ್ನು ಗಿರಿಜಾ ಕರೆತಂದಿರಲಿಲ್ಲ.

ಎರಡು ದಿನ ಕಳೆದು ಹತ್ತು ಗಂಟೆಗೆ ನನ್ನ ಫೋನ್ ಬಡಿಯಿತು. ಗಿರಿಜಾಳ ನಂಬರು. ಎತ್ತಿದರೆ ನೀಲಮ್ಮ.

“ಯಾರವಾ, ಹೇಳಿಕೊಡೋ ಹುಡುಗಿಯೇನು? ನಾ ರೆಡಿ ಅದೀನಿ. ಎಷ್ಟೊತ್ತಾತು, ಪಂಚಾಕ್ಷರಿ ಇನ್ನೂ ಬಂದಿಲ್ಲ. ಶುರು ಮಾಡೂಣೇನು?”

ಹಿಂದೆ ಗಿರಿಜಾ ಅಳುವುದು ಕೇಳಿಸುತ್ತಿತ್ತು. ಮಾಡೋಣ ಅಮ್ಮಾ ಎಂದೆ. “ಎಲ್ಲಾರುಂ ಸಾಪ್ಪಿಟ್ಟಾಚ್ಚಾ?” ಎಂದು ಹೇಳಿಕೊಟ್ಟೆ. ಎಲ್ಲರದೂ ಊಟವಾಯಿತಾ ಎಂದು ವಿಚಾರಿಸುವ, ಅಜ್ಜಿಯರಿಗೆ ಸದಾ ಇರುವ ಸಾಲು. ನೀಲಮ್ಮ ಒಂದಕ್ಷರ ತಪ್ಪದೆ ನುಡಿದು, ಸುಮ್ಮನೆ ಕಾದರು. ನಾನೂ ಕಾದೆ. ಕಟ್ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ಮುಂದಿನ ಸಾಲು ಹೇಳಿಕೊಟ್ಟೆ.