ಮಂಟೇಸ್ವಾಮಿಗೆ ಬೇಡವಾದ ಶಾಲು

ಕೊಳ್ಳೇಗಾಲದ ರೇಷ್ಮೆನಾಡು ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾರನ್ನೂ ತಂಡದಿಂದ ತೆಗೆಯುವುದಿಲ್ಲ, ಸನ್ಮಾನ ಮಾಡುತ್ತಾರೆ. ಲೀಗ್ ಮುಗಿದು ಹದಿನೈದು ದಿನಕ್ಕೆ ಮಾಲೀಕ ಪ್ರಭುಸ್ವಾಮಿಯ ಅಂಗಡಿಯಿಂದ ಒಂದು ರೇಷ್ಮೆ ಶಾಲು, ಬಾಡಿಗೆಗೆ ತಂದ ಒಂದು ಮೈಸೂರು ಪೇಟ, ಒಂದು ತಟ್ಟೆ ಹಣ್ಣು ಹೊರಟವೆಂದರೆ ಮೂವತ್ತು ದಾಟಿದ ಆಟಗಾರರೆಲ್ಲ ತಲೆ ತಗ್ಗಿಸಿ ಓಡಾಡುತ್ತಾರೆ. ಶಾಲು ಹೊದ್ದವನ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿ ಇರುವುದಿಲ್ಲ. ಪೇಟವನ್ನಂತೂ ಅಂದೇ ಸಂಜೆ ಬಾಡಿಗೆ ಅಂಗಡಿಗೆ ವಾಪಸ್ ಕೊಡುತ್ತಾರೆ.

ಈ ಸಲದ ಶಾಲು ಗೋಲ್‌ಕೀಪರ್ ಮಂಟೇಸ್ವಾಮಿಗೆ ಎಂದು ಗೊತ್ತಾಯಿತು.

ಕಾಮಗೆರೆಯ ಮಂಟೇಸ್ವಾಮಿಗೆ ಈಗ ಮೂವತ್ತೇಳು. ಹಿಂದೆ ಸಂತೆಯಲ್ಲಿ ಲಾರಿಯಿಂದ ಎಸೆದ ಕುಂಬಳಕಾಯಿಗಳನ್ನು ಹಿಡಿದಿಡುವ ಕೆಲಸ ಅವನದು. ಒಂದು ಕಾಯನ್ನೂ ನೆಲಕ್ಕೆ ಬಿಡದ ಆ ಕೈಗಳನ್ನು ನೋಡಿ ಪ್ರಭುಸ್ವಾಮಿಯೇ ಅವನನ್ನು ತಂಡಕ್ಕೆ ಕರೆತಂದದ್ದು. ಹನ್ನೊಂದು ವರ್ಷ ಗೋಲಿನ ಬಾಯಲ್ಲಿ ನಿಂತ. ಕಳೆದ ಲೀಗಿನ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಎದುರಾಳಿಯ ಕಾಲಿಗೇ ಬಿದ್ದು ಚೆಂಡು ಹಿಡಿದ. ಗೋಲು ತಪ್ಪಿತು, ತಂಡ ಲೀಗಿನಲ್ಲಿ ಉಳಿಯಿತು, ಅವನ ಬಲಮಂಡಿಯ ಲಿಗಮೆಂಟು ಹರಿಯಿತು. ಪ್ರಭುಸ್ವಾಮಿ ಮೈದಾನಕ್ಕೇ ಓಡಿಬಂದು ಅವನನ್ನು ತಬ್ಬಿಕೊಂಡು, "ನೀನು ನನ್ ಒಡಹುಟ್ಟಿದ ತಮ್ಮ ಕಣ್ಲಾ" ಎಂದು ಕಣ್ಣೀರು ಸುರಿಸಿದ್ದ. ಮೈಸೂರಿನ ಡಾಕ್ಟರು ಆಪರೇಷನ್ ಆಗಬೇಕು, ಒಂಬತ್ತು ತಿಂಗಳು ಬೇಕು ಎಂದದ್ದೇ ತಡ, ಒಡಹುಟ್ಟಿದವನು ಫೋನ್ ಎತ್ತುವುದನ್ನೇ ಬಿಟ್ಟ.

ಈ ಸಲದ ಶಾಲಿನ ಹಿಂದಿನ ತಲೆ ಕೋಚ್ ನಟರಾಜುವಿನದು. ಲ್ಯಾಪ್‌ಟಾಪಿನಲ್ಲಿ ಅವನೊಂದು 'ಯುವಪಡೆ ಯೋಜನೆ' ಬರೆದಿದ್ದ. ಮೂವತ್ತೈದು ದಾಟಿದವರು ಭಾರ, ಗಾಯವಾದವರು ಇನ್ನೂ ಭಾರ. ಬರೆದವನಿಗೆ ನಲವತ್ತೆಂಟಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಆದರೆ ಯೋಜನೆ ಬರೆದವನ ವಯಸ್ಸನ್ನು ಯಾರು ಕೇಳುತ್ತಾರೆ?

ಆಹ್ವಾನಪತ್ರಿಕೆ ಮನೆಗೆ ಬಂತು. ಮಂಟೇಸ್ವಾಮಿಗೆ ತನ್ನ ಫೋಟೋ ಚೆನ್ನಾಗಿ ಬಂದಿದೆ ಅನ್ನಿಸಿತು. ಅವನ ಹೆಂಡತಿ ಪುಷ್ಪ ಅಂಗನವಾಡಿ ಟೀಚರ್, ಸರ್ಕಾರಿ ಸುತ್ತೋಲೆ ಓದಿ ಓದಿ ಪಳಗಿದವಳು. ಅವಳು ಫೋಟೋ ಬಿಟ್ಟು ಅಕ್ಷರ ಓದಿದಳು.

"'ಸ್ವಇಚ್ಛೆಯಿಂದ ನಿವೃತ್ತಿ ಘೋಷಿಸುತ್ತಿರುವ' ಅಂತ ಆಕವ್ರೆ. ನೀನ್ಯಾವಾಗ ಘೋಷಿಸ್ದೆ?"

"ಅದೇನೋ ಸುಮ್ನೆ ಮರ್ಯಾದೆಗೆ ಆಕಿರ್ತಾರೆ ಕಣಮ್ಮಿ."

ಪುಷ್ಪ ಟ್ರಂಕಿನಿಂದ ಕರಾರು ಪತ್ರ ತೆಗೆದು ಬೆರಳಿಟ್ಟು ತೋರಿಸಿದಳು. ಆಟದಲ್ಲಿ ಗಾಯಗೊಂಡವನ ಚಿಕಿತ್ಸೆ, ಸಂಬಳ ಎರಡೂ ಗುಣವಾಗುವವರೆಗೆ ಕ್ಲಬ್ಬಿನ ಹೊಣೆ. ತಾನಾಗಿಯೇ ನಿವೃತ್ತನಾದವನಿಗೆ ಇದು ಅನ್ವಯಿಸುವುದಿಲ್ಲ.

"ಶಾಲು ಒದ್ಕಂಡ್ರೆ ನೀನಾಗೇ ಬುಟ್ಟಂಗಾಯ್ತದೆ. ಮಂಡಿ ನಿನ್ದು, ಖರ್ಚೂ ನಿನ್ದು."

ಮಂಟೇಸ್ವಾಮಿಗೆ ಆಗ ನೆನಪಾದದ್ದು ರಾಜಣ್ಣ. ಯಳಂದೂರಿನ ರಾಜಣ್ಣ ಎಂಟು ವರ್ಷ ಅವನ ಮುಂದೆ ಗೋಡೆಯಂತೆ ನಿಂತು ಡಿಫೆನ್ಸ್ ಆಡಿದವನು. ಮೂರು ವರ್ಷದ ಹಿಂದೆ ಆಟದಲ್ಲಿ ಸೊಂಟ ಮುರಿದುಕೊಂಡಾಗ ಅವನಿಗೂ ಶಾಲು ಹೊದಿಸಿದ್ದರು. ಅಂದು ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವನು ಮಂಟೇಸ್ವಾಮಿ. ಬರುವುದಿಲ್ಲ ಎಂದು ಹಟ ಹಿಡಿದ ರಾಜಣ್ಣನನ್ನು, "ದೊಡ್ಡೋರು ಕರೀತಾವ್ರೆ, ಬಾರಣ್ಣೋ" ಎಂದು ವೇದಿಕೆಗೆ ಹತ್ತಿಸಿದವನೂ ಅವನೇ. ಆ ರಾತ್ರಿ ಅವನು ಕರಾರು ಪತ್ರವನ್ನು ತಾನೇ ಇನ್ನೊಮ್ಮೆ ಓದಿದ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಪ್ರಭುಸ್ವಾಮಿ ಮುಕ್ಕಾಲು ಗಂಟೆ ಭಾಷಣ ಮಾಡಿ ಮಂಟೇಸ್ವಾಮಿಯನ್ನು ಹೊಗಳಿದ. ಬದುಕಿರುವವರನ್ನು ಅಷ್ಟು ಹೊಗಳುವುದು ಕೊಳ್ಳೇಗಾಲದಲ್ಲಿ ರೂಢಿಯಿಲ್ಲ. ನಟರಾಜು ತಟ್ಟೆಯಿಂದ ಶಾಲು ಎತ್ತಿಕೊಟ್ಟ. ಪ್ರಭುಸ್ವಾಮಿ ಅದನ್ನು ಬಿಡಿಸಿ, ಕ್ಯಾಮೆರಾ ಕಡೆ ತಿರುಗಿ, ಹಲ್ಲು ಬಿಟ್ಟು, ಹೊದಿಸಲು ಕೈ ಚಾಚಿದ.

ಮಂಟೇಸ್ವಾಮಿ ಊರುಗೋಲನ್ನು ಕಂಕುಳಲ್ಲಿ ಒತ್ತಿಕೊಂಡು ಎರಡೂ ಕೈಯಲ್ಲಿ ಶಾಲನ್ನು ಗಾಳಿಯಲ್ಲೇ ತಡೆದ. ಹನ್ನೊಂದು ವರ್ಷದ ಅಭ್ಯಾಸ, ಗುರಿ ತಪ್ಪಲಿಲ್ಲ. ಆಮೇಲೆ ಮೈಕಿಗೆ ಬಾಗಿದ.

"ನಾನು ನಿವೃತ್ತಿ ಆಗಿಲ್ಲ ಸಾ. ಕಾರ್ಡ್ನಾಗೆ ತೆಪ್ಪು ಅಚ್ಚಾಗ್ಬುಟ್ಟದೆ. ಆಪರೇಸನ್ನು, ಸಂಬ್ಳ ಎಲ್ಲಾ ನಮ್ದೇ ಅಂತ ಕಾಗ್ದದಲ್ಲಿ ರುಜು ಆಕಿದ್ದೀರಿ, ಅಂಥ ದೊಡ್ ಮನ್ಸು ನಿಮ್ದು. ಮಂಡಿ ವಾಸಿಯಾಗ್ಲಿ, ಒಂದ್ ಮ್ಯಾಚ್ ಆಡ್ಬುಟ್ಟು ನಾನೇ ಬಂದು ಕೇಳಿ ಒದ್ಕತೀನಿ."

ಜನ ಒಂದು ಗಳಿಗೆ ತಬ್ಬಿಬ್ಬಾದರು, ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ದೊಡ್ಡ ಮನಸ್ಸಿನ ಮನುಷ್ಯ ಎಂದು ಐನೂರು ಜನ ಚಪ್ಪಾಳೆ ತಟ್ಟುವಾಗ ಇಲ್ಲ ಎನ್ನುವ ಧೈರ್ಯ ಪ್ರಭುಸ್ವಾಮಿಗೆ ಇರಲಿಲ್ಲ. ಆದರೆ ಬಿಡಿಸಿದ ಶಾಲನ್ನು ಯಾರಿಗೂ ಹೊದಿಸದೆ ಮಡಚುವುದು ಅಪಶಕುನ. ಅವನು ಅತ್ತ ಇತ್ತ ನೋಡಿದ. ಕೈಗೆ ಸಿಕ್ಕಿದವನು ನಟರಾಜು.

ಶಾಲು ನಟರಾಜುವಿನ ಹೆಗಲಿಗೆ ಬಿತ್ತು. ಯಾರೋ ಅಭ್ಯಾಸಬಲದಿಂದ ತಲೆಗೆ ಪೇಟವನ್ನೂ ಇಟ್ಟರು. ಮರುದಿನದಿಂದ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರೆಲ್ಲ "ಮುಂದೇನ್ ಮಾಡ್ಬೇಕು ಅಂತಿದ್ದೀರಿ ಸಾ?" ಎಂದು ಅವನ ಕೈ ಹಿಡಿದು ವಿಚಾರಿಸತೊಡಗಿದರು. ತಿಂಗಳೊಳಗೆ ಪ್ರಭುಸ್ವಾಮಿಗೂ ಅದೇ ಸರಿ ಅನ್ನಿಸಿತು. ಯುವಪಡೆಗೆ ಇಪ್ಪತ್ತೊಂಬತ್ತರ ಹೊಸ ಕೋಚ್ ಬಂದ.

ಮಂಟೇಸ್ವಾಮಿಯ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿಸಿಕೊಂಡು ಬರುವ ದಾರಿಯಲ್ಲಿ ಅವನು ಯಳಂದೂರಿನಲ್ಲಿ ಇಳಿದ. ತಾಲ್ಲೂಕು ಕಚೇರಿ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ರಾಜಣ್ಣ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿದ್ದ. ಮೂರು ವರ್ಷದ ಹಿಂದಿನ ಶಾಲು ಸೊಂಟದ ಕೆಳಗೆ ಮೆತ್ತೆಯಾಗಿತ್ತು. ಮಂಟೇಸ್ವಾಮಿ ವೇದಿಕೆಯ ಕಥೆಯನ್ನೆಲ್ಲ ಅಭಿನಯ ಮಾಡಿ ಹೇಳಿದ. ಪೇಟದ ಮಾತು ಬಂದಾಗ ರಾಜಣ್ಣ ಸೊಂಟ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, ಒಂದು ಬಾಳೆಹಣ್ಣು ಕಿತ್ತು ಅವನ ಕೈಗೆ ಕೊಟ್ಟ.

"ನನ್ ಕಾಗ್ದದಾಗೂ ಇದೇ ಬರ್ದಿತ್ತಲ್ವೇನ್ಲಾ?"

"ಊಂ ಕಣಣ್ಣ."

"ಅವತ್ತು ತಟ್ಟೆ ಇಡ್ಕಂಡು ಪಕ್ಕದಲ್ಲೇ ನಿಂತಿದ್ಯಲ್ಲ, ಯಾಕ್ಲಾ ಒಂದ್ ಮಾತು ಏಳ್ನಿಲ್ಲ?"

ಮಂಟೇಸ್ವಾಮಿ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಕಾಮಗೆರೆ ಕಡೆಯ ಬಸ್ಸು ಬಂದು, ಹಾರನ್ ಹೊಡೆದು, ಹೊರಟುಹೋಯಿತು.