ಹಾಲಿನ ತಟ್ಟೆಯಲ್ಲಿ ಒಂದು ಬಳೆ

ಹೆರಿಗೆ ರಜೆ ಮುಗಿಸಿ ಲ್ಯಾಬಿಗೆ ವಾಪಸಾದ ಮೊದಲ ವಾರವೇ ನನ್ನ ಪಾಲಿಗೆ ಬಂದದ್ದು ಹಾಲಿನ ಕೆಲಸ. ದೇವರಿಗೂ ತಮಾಷೆ ಮಾಡುವ ಚಾಳಿ ಇದೆ ಎಂದು ಅವತ್ತೇ ಖಾತ್ರಿಯಾಯಿತು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿ ನಮ್ಮದು. ಚರ್ಮ ಹದ ಮಾಡುವಾಗ ತೊಗಲಿನ ಕೂದಲು ಸಡಿಲಿಸುವ ಕಿಣ್ವವನ್ನು ತಯಾರಿಸುವುದು ನಮ್ಮ ಗುರಿ. ಅಂಥ ಕಿಣ್ವ ಬಿಡುವ ಬ್ಯಾಕ್ಟೀರಿಯಾ ಒಂದು ಮಣ್ಣಿನಲ್ಲಿ ಸಿಕ್ಕಿತ್ತು. ಆದರೆ ಅದು ಮಹಾ ಹಟಮಾರಿ, ದೊಡ್ಡ ಪಾತ್ರೆಯಲ್ಲಿ ಬೆಳೆಯಲು ಒಲ್ಲದು. ಹಾಗಾಗಿ ಅದರ ಜೀನನ್ನು ಕತ್ತರಿಸಿ ತೆಗೆದು, ಹೇಳಿದಂತೆ ಕೇಳುವ ಇನ್ನೊಂದು ಬ್ಯಾಕ್ಟೀರಿಯಾದೊಳಗೆ ಕೂರಿಸಬೇಕಿತ್ತು. ಬಸುರಿಯಾಗುವ ಎಷ್ಟೋ ಮೊದಲಿನಿಂದ ನಾನು ಇದರ ಬೆನ್ನು ಬಿದ್ದಿದ್ದೆ. ಪ್ರೋಟೀನನ್ನು ತಿನ್ನುವ ಕಿಣ್ವ ಅದು. ಆಶ್ರಯ ಕೊಟ್ಟ ಬ್ಯಾಕ್ಟೀರಿಯಾದ ಮೈಯಲ್ಲಿರುವುದೂ ಪ್ರೋಟೀನೇ ತಾನೆ? ಉಂಡ ಮನೆಗೆ ಎರಡು ಬಗೆಯುತ್ತಿತ್ತು. ಜೀನ್ ಸರಿಯಾಗಿ ಕೂತವು ಸಾಯುತ್ತಿದ್ದವು, ಕೆಟ್ಟ ಜೀನ್ ಹೊತ್ತವು ಗುಂಡುಗುಂಡಾಗಿ ಬೆಳೆಯುತ್ತಿದ್ದವು.

ಗೆದ್ದೆವೋ ಸೋತೆವೋ ಹೇಳುವುದು ಹಾಲಿನ ತಟ್ಟೆ. ಕೆನೆ ತೆಗೆದ ಹಾಲನ್ನು ಅಗರ್ ಎಂಬ, ಆರಿದರೆ ಗಟ್ಟಿಯಾಗುವ ಅಂಟಿನ ಜೊತೆ ಬೆರೆಸಿ ಸುರಿದರೆ ತಟ್ಟೆ ಬೆಳ್ಳಗೆ ಮಬ್ಬಾಗಿರುತ್ತದೆ. ಕಿಣ್ವ ಬಿಡುವ ಬ್ಯಾಕ್ಟೀರಿಯಾ ಅಲ್ಲಿ ಚುಕ್ಕೆಯಾಗಿ ಬೆಳೆದರೆ ಹಾಲು ಕರಗಿ, ಆ ಚುಕ್ಕೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ನಾವು ಅದನ್ನು ಬಳೆ ಎನ್ನುತ್ತಿದ್ದೆವು.

ಆ ಬಿಸಿ ಹಾಲಿನ ವಾಸನೆ ಬಂದರೆ ಸಾಕು, ಕಾಡುಗೋಡಿಯ ಮನೆಯಲ್ಲಿ ಅತ್ತೆಯ ಮಡಿಲಲ್ಲಿದ್ದ ಮಗಳ ನೆನಪಾಗಿ ನನ್ನ ಎದೆ ತೊಟ್ಟಿಕ್ಕುತ್ತಿತ್ತು. ಎದೆ ಕಲ್ಲಾದಾಗ ವಾಶ್‌ರೂಮಿಗೆ ಹೋಗಿ ಸಿಂಕಿಗೆ ಹಿಂಡುತ್ತಿದ್ದೆ. ಲ್ಯಾಬಿನ ಫ್ರಿಜ್ಜಿನಲ್ಲಿ ತಿನ್ನುವ, ಕುಡಿಯುವ ವಸ್ತು ಇಡಬಾರದೆಂದು ಚೀಟಿ ಬರೆದು ಅಂಟಿಸಿದವಳೇ ನಾನು. ಬ್ಯಾಕ್ಟೀರಿಯಾಕ್ಕೆ ಹಾಲು ಅಳೆದು ಬಡಿಸುವ ಮಹಾತಾಯಿ, ಮಗಳ ಹಾಲನ್ನು ಚರಂಡಿಗೆ ಬಿಡುತ್ತಿದ್ದೆ.

ಹಗಲೆಲ್ಲ ಅತ್ತೆ ಅವಳಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದರು. ಸಂಜೆಯ ಹಾಲು ಮಾತ್ರ ನನ್ನದು. ಗೇಟಿನ ಸದ್ದಾದರೆ ಸಾಕು, ಮಗು ಕೈಕಾಲು ಬಡಿಯುತ್ತಿತ್ತು. ಎಲ್ಲಿ ಪೂರ್ತಿ ಒಳಲೆಗೇ ಒಗ್ಗಿಬಿಡುತ್ತಾಳೋ ಎಂಬ ಹೆದರಿಕೆಯಲ್ಲೇ ನನ್ನ ದಿನ ಕಳೆಯುತ್ತಿತ್ತು.

ಒಂದು ಸಂಜೆ ಹೊರಡುವ ಮುಂಚೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಒಂದು ಚುಕ್ಕೆಯ ಅಂಚು ತೆಳುವಾದಂತೆ ಕಂಡಿತು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗಿ ಅವಸರಪಡಿಸಿದಳು. "ನೀವು ಹೊರಡಿ ಅಕ್ಕ, ವ್ಯಾನ್ ಮಿಸ್ ಆಗುತ್ತೆ. ಬಳೆ ಬಂದ್ರೆ ಫೋಟೋ ಕಳಿಸ್ತೀನಿ."

ಕಾಲು ಏಳಲಿಲ್ಲ. ಇಷ್ಟು ಕಾಲ ಕಾದ ಬಳೆಯನ್ನು ಫೋನಿನಲ್ಲಿ ನೋಡಲು ಮನಸ್ಸಾಗಲಿಲ್ಲ. ವ್ಯಾನ್ ಹೋಯಿತು, ನಾನು ಉಳಿದೆ. ದೀಪ ಹಚ್ಚುವ ಹೊತ್ತಿಗೆ ಬಳೆ ಬಂತು. ರಾಗಿ ಕಾಳಿಗಿಂತ ಚಿಕ್ಕದಾದ ಬಡಕಲು ಚುಕ್ಕೆ, ಅದರ ಸುತ್ತ ಕನ್ನಡಿಯಷ್ಟು ತಿಳಿ. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಅತ್ತೇಬಿಟ್ಟೆ. ಕುರ್ತಾ ಕೂಡ ಅದೇ ಗಳಿಗೆಯಲ್ಲಿ ಒದ್ದೆಯಾಯಿತು.

ಸರ್ಜಾಪುರ ರಸ್ತೆಯ ಜಾಮಿನಲ್ಲಿ ಆಟೋದವರಿಗೆ ಕೈಮುಗಿಯುವುದೊಂದು ಬಾಕಿ. ಮನೆ ಮುಟ್ಟಿದಾಗ ತೊಟ್ಟಿಲು ಸುಮ್ಮನಿತ್ತು.

"ಈಗ್ ತಾನೆ ಕುಡ್ಸಿ ಮಲಗಿಸಿವ್ನಿ, ಎಬ್ಬುಸ್ಬ್ಯಾಡ ಕಣವ್ವ," ಎಂದರು ಅತ್ತೆ. "ಇವತ್ತು ಕಿರಿಕಿರಿ ಮಾಡ್ದೆ ಕುಡುದ್ಲು."

ಅವರು ಸಂತೋಷದ ಸುದ್ದಿ ಎಂದೇ ಹೇಳಿದ್ದು.

ಬಳೆ ಬಂದ ಮೇಲೆ ಕೆಲಸ ಹೆಚ್ಚಿತು, ವ್ಯಾನ್ ತಪ್ಪುವುದೂ ಹೆಚ್ಚಿತು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ಮಗಳನ್ನು ಎದೆಗೆ ಹಾಕಿಕೊಂಡರೆ ಅವಳು ಮುಖ ತಿರುಗಿಸಿ, ಅತ್ತೆಯ ಕೈಯಲ್ಲಿದ್ದ ಒಳಲೆಯತ್ತ ಬಾಯಿ ತೆರೆದಳು. ಅತ್ತೆ ಗಾಬರಿಯಿಂದ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಅಂಗೆಲ್ಲ ಅಳ್ಬ್ಯಾಡ ಕಣವ್ವ, ಮಕ್ಳು ಇಂಗೇಯ," ಎಂದರು. ನಾನೇ ಒಳಲೆ ಇಸಿದುಕೊಂಡು ಕುಡಿಸಿದೆ.

ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ, ಹಾಲಿನ ಲೋಟ ಕಂಡರೆ ಮೂಗು ಮುರಿಯುತ್ತಾಳೆ. ನನ್ನ ಕೊರಳಿಗೆ ಜೋತು ಬೀಳುತ್ತಾಳೆ, ಜಗಳವಾಡುತ್ತಾಳೆ. ಕೊರತೆಯೇನಿಲ್ಲ. ಆ ಬಡಕಲು ಚುಕ್ಕೆಯ ಸಂತಾನವೂ ಲ್ಯಾಬಿನ ಫ್ರೀಜರಿನಲ್ಲಿ ಸುಖವಾಗಿದೆ. ಯಾವಾಗ ತೆಗೆದು ಹಾಲಿನ ತಟ್ಟೆಗೆ ಸವರಿದರೂ ಅದೇ ಹಸಿವು, ಅದೇ ಬಳೆ. ಗೇಟಿನ ಸದ್ದಿಗೆ ಕೈಕಾಲು ಬಡಿಯುತ್ತಿದ್ದ ಆ ಮಗುವನ್ನು ಮಾತ್ರ ನಾನು ಯಾವ ಫ್ರೀಜರಿನಿಂದ ತೆಗೆಯಲಿ?