ಮುಚ್ಚಿದ ಬಾಗಿಲು ಮತ್ತು ಮುದಿ ಇಲಿ

ಗೋಡೆ ತಟ್ಟುತ್ತಿದ್ದುದು ನಮ್ಮ ಮಾವನ ದೆವ್ವ ಅಲ್ಲ, ನಮ್ಮತ್ತೆ. ನಡೆದದ್ದು ಇಷ್ಟೇ. ಊರವರು ಈಗಲೂ ಬೇರೆ ಹೇಳುತ್ತಾರೆ, ಹೇಳಿಕೊಳ್ಳಲಿ.

ಮೊನ್ನೆ ಮೊಮ್ಮಗಳು ಪತ್ರಿಕೆ ಓದುತ್ತಾ, ಎಲ್ಲೋ ಓದಿದವರು ಬಿಳಿ ಇಲಿಗಳನ್ನು ಸಾಕಿ, ಮುದಿಯಾದ ಮೇಲೆ ಅವಕ್ಕೆ ದಾರಿ ನೆನಪಿದೆಯೋ ಇಲ್ಲವೋ ಎಂದು ಓಡಿಸಿ ನೋಡುತ್ತಾರಂತೆ ಅಂದಳು. ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಕೈಗೆ ಹಸಿ ಜೇಡಿಮಣ್ಣಿನ ವಾಸನೆ ಹತ್ತಿದಂತಾಗಿ ಸೆರಗಿಗೆ ಒರೆಸಿಕೊಂಡೆ. ಅವರು ಯಾಕೆ ಮಾಡುತ್ತಾರೋ ಕಾಣೆ, ನಾನು ಮಾಡಿದ್ದು ಹೆದರಿಕೆಗೆ. ನನಗೆ ಅಕ್ಷರ ಬಂದದ್ದು ತಡವಾಗಿ, ಅದೂ ಅರ್ಧ. ತಪ್ಪಿದ್ದ ಕಡೆ ನೀವೇ ತಿದ್ದಿಕೊಂಡು ಓದಿ.

ಮೊಳಕಾಲ್ಮೂರಿನ ಕಡೆ, ಬಂಡೆಗುಡ್ಡದ ಬುಡದಲ್ಲಿ ನಮ್ಮ ಮನೆ. ಆಗಿನ್ನೂ ರಾಜರ ಕಾಲ. ಮಾವ ಕಂಬಳಿ ನೇಯುತ್ತಿದ್ದರು, ಅತ್ತೆ ಉಣ್ಣೆ ನೂಲುತ್ತಿದ್ದಳು. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ, ಗೊತ್ತಲ್ಲ? ಅದರ ಆಸೆಗೆ ಇಲಿಗಳು ಕಂಬಳಿಯವರ ಮನೆ ಬಿಟ್ಟು ಹೋಗುವುದಿಲ್ಲ. ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಬಿಚ್ಚಿದರೆ ಅಂಚಿನಲ್ಲಿ ತೂತು. ಇಲಿಗಳಿಗೆ ಬೈದಷ್ಟು ಮಾವ ನನಗೂ ಬೈದವರಲ್ಲ.

ಅವರು ಕೆಟ್ಟ ನಕ್ಷತ್ರದಲ್ಲಿ ಸತ್ತರು. ಅಂಥವರು ತಿರುಗಿ ಬರುತ್ತಾರೆಂದು ಊರ ಹಿರಿಯರು, ಹೆಣ ಹೋದ ಬಾಗಿಲನ್ನು ಮುಚ್ಚಿ ಬೇರೆ ಕಡೆ ಬಾಗಿಲಿಡಿ ಎಂದರು. ಬಂದವರಿಗೆ ದಾರಿ ತಪ್ಪಬೇಕು, ಅದು ಅವರ ಲೆಕ್ಕ. ನಮ್ಮ ಯಜಮಾನರು ಮೂಡಲ ಬಾಗಿಲಿಗೆ ಹಸಿ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿದರು. ಬಡಗಲ ಗೋಡೆ ಒಡೆದು ಹೊಸ ಬಾಗಿಲಿಟ್ಟರು.

ಒಂದು ತಿಂಗಳು ಕಳೆದಿರಬಹುದು. ಹೊತ್ತು ಮುಳುಗುವಾಗ ಆ ಮುಚ್ಚಿದ ಜಾಗದಲ್ಲಿ ಹೊರಗಿನಿಂದ ಸದ್ದು. ಅಂಗೈಯಲ್ಲಿ ತಟ್ಟಿದ ಹಾಗೆ. ನಿಲ್ಲುತ್ತದೆ. ಆಮೇಲೆ ಉಗುರಲ್ಲಿ ಪರಪರ. ನಾವು ಒಲೆಯನ್ನೂ ಊದದೆ ಕೂತಿರುತ್ತಿದ್ದೆವು. ಸದ್ದು ನಿಂತು ಸ್ವಲ್ಪ ಹೊತ್ತಿಗೆ, ಬಯಲಿಗೆ ಹೋಗಿದ್ದ ಅತ್ತೆ ಚೊಂಬು ಹಿಡಿದು ಹೊಸ ಬಾಗಿಲಿನಿಂದ ಬರುತ್ತಿದ್ದಳು.

"ಅವ್ವಾ, ಆ ಕಡೆ ಏನಾದ್ರೂ ಕಂಡ್ತಾ?" ಎಂದು ಯಜಮಾನರು ಕೇಳುವುದು.

"ಏನೂ ಇಲ್ಲ ಬಿಡೋ. ಮುದ್ದೆ ಆಗೈತಾ?"

"ನಮ್ಮವ್ವಂಗೆ ಯಾಕೆ ಭಯ," ಎಂದು ಇವರು ನನ್ನ ಕಡೆ ತಿರುಗುವುದು. "ಬಂದಿರೋನು ಅವಳ ಗಂಡ ಅಲ್ವಾ."

ಇಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿಯಲಿಲ್ಲ. ಹೆದರಿ ಕೂತವರಿಗೆ ಮನೆಯೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ನೋಡಲು ತೋಚುವುದಿಲ್ಲ.

ಯಜಮಾನರು ಆಂಧ್ರದ ಕಡೆಯಿಂದ ದೆವ್ವ ಬಿಡಿಸುವ ಒಬ್ಬ ತಾತನನ್ನು ಕರೆತಂದರು. ಅವನು ಗೋಡೆ ಮೂಸಿ ನೋಡಿ ಹೇಳಿದ: "ಏಮಯ್ಯಾ, ಅಮಾಸೆ ಸಂಜೆ ಬರ್ತೀನಿ. ಅದು ತಟ್ಟಿದ ಕೂಡ್ಲೆ ಮಾಳಿಗೆ ಮೇಲಿಂದ ಕೆಂಡ ಸುರೀಬೇಕು. ನಿಮ್ಮೋರ ಮುಖಾನೇ ಹೊತ್ಕೊಂಡು ನಿಂತಿರ್ತೈತೆ. ನಿಮ್ಮವ್ವನ ದನಿಯಾಗೇ ಕರೀತೈತೆ. ಕೈ ಮಾತ್ರ ತಡೀಬ್ಯಾಡ."

ಯಜಮಾನರು ತಲೆಯಾಡಿಸಿದರು. ಒಪ್ಪಿದ ಮೇಲೆ ಅವರು ಹಿಂದೆ ಸರಿಯುವ ಮನುಷ್ಯರಲ್ಲ.

ನನಗೆ ಬೇರೆ ಅನುಮಾನವಿತ್ತು. ಮನೆಯಲ್ಲಿ ಒಂದು ಮುದಿ ಇಲಿ, ಬೆನ್ನಿನ ಕೂದಲು ಉದುರಿದ್ದು. ರಾಗಿ ಗುಡಾಣದ ಹಿಂದಿನಿಂದ ಹೊರಟು ನೇರವಾಗಿ ಮುಚ್ಚಿದ ಬಾಗಿಲಿಗೆ ಹೋಗಿ ಮಣ್ಣು ಕೆರೆಯುತ್ತಿತ್ತು. ಎಳೆಯವೆಲ್ಲ ಹೊಸ ಬಾಗಿಲ ಸಂದಿಯಲ್ಲಿ ನುಸುಳಲು ಕಲಿತಿದ್ದವು. ಹೊರಗಿನದು ಅನ್ನಿಸುವ ಸದ್ದೂ ಈ ಮುದಿಯದೇ ಇರಬೇಕೆಂದು ಬೋನಿಟ್ಟು ಹಿಡಿದೆ. ಒಂದು ಎಳೆಯದೂ ಬಿತ್ತು. ಎರಡನ್ನೂ ಕುರಿಗೆ ನೀರಿಡುವ ಕಲ್ಲುಬಾನಿಯಲ್ಲಿ ಬಿಟ್ಟು ಮೇಲೆ ಮೊರ ಮುಚ್ಚಿದೆ. ಆ ಸಂಜೆಯೂ ಗೋಡೆ ಬಡಿಯಿತು. ಇಲಿ ಬಾನಿಯಲ್ಲೇ ಇತ್ತು.

ಹಾಗಾದರೆ ಈ ಮುದಿ ಇಲಿಗೆ ಆಗಿರುವುದೇನು, ಕಣ್ಣು ಹೋಗಿದೆಯೋ ಮೂಗು ಹೋಗಿದೆಯೋ, ನೋಡೇಬಿಡೋಣ ಅನ್ನಿಸಿತು. ಜೇಡಿಮಣ್ಣು ಕಲಸಿ ಬಾನಿಗೆ ಅಡ್ಡ ಗೋಡೆ ಕಟ್ಟಿ, ಎಡಕ್ಕೊಂದು ಕಿಂಡಿ ಬಿಟ್ಟು, ಆಚೆ ಹುರಿದ ಕಡಲೆಕಾಯಿ ಬೀಜ ಇಟ್ಟೆ. ಎರಡೂ ದಾರಿ ಕಲಿತವು. ಕೆಲವು ದಿನ ಬಿಟ್ಟು ಎಡದ ಕಿಂಡಿ ಮೆತ್ತಿ ಬಲಕ್ಕೆ ತೆಗೆದೆ.

"ಮನೆಗೆ ದೆವ್ವ ಬಂದೈತೆ ಅಂದ್ರೆ ಇವ್ಳು ಇಲಿಗೆ ಮನೆ ಕಟ್ತಾ ಕೂತವಳೆ," ಎಂದರು ಯಜಮಾನರು.

ಮುದ್ದೆ ಬೇಯುವಷ್ಟರಲ್ಲಿ ಎಳೆಯದು ಬಲದ ಕಿಂಡಿ ಹುಡುಕಿಕೊಂಡಿತು. ಮುದಿಯದಕ್ಕೆ ಬೀಜದ ವಾಸನೆ ಹತ್ತಿತ್ತು, ಮೂಗು ಆಡುತ್ತಿತ್ತು. ಆದರೂ ಮೆತ್ತಿದ ಜಾಗದ ಮುಂದೆಯೇ ನಿಂತು ಪರಪರ ಕೆರೆಯಿತು. ದಿನವೂ ಹಾಗೆಯೇ. ಅಮಾವಾಸ್ಯೆಯ ಹಿಂದಿನ ಸಂಜೆ ಅತ್ತೆ ಬಂದು ಬಾನಿಯೊಳಗೆ ಬಗ್ಗಿ ನೋಡಿ ನಕ್ಕಳು.

"ಮುದಿ ಮುಂಡೇದು. ಮುಚ್ಚಿರೋದು ನಿನ್ನೆನೂ ನೋಡೈತೆ, ಇವತ್ತು ಮರ್ತೈತೆ."

ನಗುತ್ತಲೇ ಚೊಂಬು ತೆಗೆದುಕೊಂಡು ಎದ್ದವಳು ಸೀದಾ ಮೂಡಲ ಗೋಡೆಗೆ ಹೋದಳು. ಮಣ್ಣಿನ ಮೇಲೆ ಕೈಯಿಟ್ಟು ನಿಂತಳು. ನಾನು ನೋಡುತ್ತಿರುವುದು ಕಂಡು, ಇಲ್ಲದ ಜೇಡರ ಬಲೆ ಒರೆಸಿದ ಹಾಗೆ ಮಾಡಿ, ಬಡಗಲ ಬಾಗಿಲಿಗೆ ತಿರುಗಿದಳು.

ಹಿಂದೆಯೇ ಹೋಗಿ ಮೂಡಲ ಗೋಡೆಯ ಬಳಿಯ ಹುಣಸೆಮರದ ಮರೆಯಲ್ಲಿ ನಿಂತೆ. ಅವಳು ಬಯಲಿನಿಂದ ತಿರುಗಿ ಬಂದು ಅದೇ ಗೋಡೆಯನ್ನು ಹೊರಗಿನಿಂದ ತಟ್ಟಿ, ಮೆಲ್ಲಗೆ ಕರೆದಳು: "ತೆಗೀರಿ. ಎಷ್ಟೊತ್ತು ನಿಲ್ಲಿಸ್ತೀರಿ?"

"ಅತ್ತೆ," ಎಂದೆ.

ಅವಳು ಬೆಚ್ಚಲಿಲ್ಲ. "ನಿಮ್ಮ ಮಾವ ಒಳಗೆ ಕೆಮ್ತಾ ಅವ್ರೆ. ಕೇಳಿಸಿದ್ರೂ ತೆಗೀವಲ್ರು."

ನಾನೂ ಗೋಡೆಗೆ ಕಿವಿಯಿಟ್ಟೆ. ಒಳಗೆ ಕೆಮ್ಮು. ಒಳಗಿದ್ದವರು ಯಜಮಾನರು, ಅವರೇ ಕೆಮ್ಮಿದ್ದು. ಕೆಮ್ಮಿನ ದನಿ ಮಾತ್ರ ಥೇಟ್ ಮಾವನದೇ. ನಾವು ಒಳಗೆ ಕೂತು ಹೊರಗಿನ ಸತ್ತವರಿಗೆ ಹೆದರುತ್ತಿದ್ದರೆ, ಇವಳು ಹೊರಗೆ ನಿಂತು ಒಳಗಿನ ಸತ್ತವರನ್ನು ಕರೆಯುತ್ತಿದ್ದಳು.

ಕೈ ಹಿಡಿದು ಸುತ್ತಿಸಿಕೊಂಡು ಬಂದೆ. ಹೊಸ ಬಾಗಿಲ ಬಳಿ ಅವಳಿಗೆ ಎಲ್ಲ ನೆನಪಾಯಿತು. ನನ್ನ ಕೈ ಹಿಸುಕಿ ಮೆಲ್ಲಗೆ ಅಂದಳು: "ಅವನಿಗೆ ಹೇಳಬ್ಯಾಡ ಕಣೇ. ಅವ್ವಂಗೆ ತಲೆ ಕೆಟ್ಟೋಯ್ತು ಅಂತ ಅಳ್ತಾನೆ."

ನಾನು ಹೇಳಿದೆ. ಮಾರನೆಯ ದಿನ ಕೆಂಡ ಸುರಿಯುವವರಿದ್ದರು, ಹೇಳದೆ ಏನು ಮಾಡಲಿ? ಯಜಮಾನರು ಅಳಲಿಲ್ಲ.

"ನೀನು ನೋಡಿದ್ದು ನಮ್ಮವ್ವನ್ನೇ ಅಂತ ಹೆಂಗೆ ಹೇಳ್ತೀಯಾ?"

"ಕೈ ಹಿಡಿದು ಕರ್ಕೊಂಡು ಬಂದೀನಲ್ರಿ."

"ಏನನ್ನ ಕರ್ಕೊಂಡು ಬಂದೆ?"

ಹೀಗೆಂದು, ಒಲೆಯ ಮುಂದೆ ಮುದ್ದೆ ಮುರಿಯುತ್ತಿದ್ದ ಸ್ವಂತ ತಾಯಿಯ ಕಡೆ ಅವರು ನೋಡಿದ ನೋಟವಿದೆಯಲ್ಲ, ಗೋಡೆಯ ಸದ್ದಿಗಿಂತ ನನಗೆ ಹೆದರಿಕೆಯಾದದ್ದು ಅದಕ್ಕೆ. ಇನ್ನು ಇವರಿಗೆ ಮಾತಿನಿಂದ ತಿಳಿಸಿ ಪ್ರಯೋಜನವಿಲ್ಲ ಅನ್ನಿಸಿತು.

ಬಾನಿಯ ಬಳಿ ಹೋಗಿ ಎಡದ ಕಿಂಡಿಗೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಕಿತ್ತೆ. ಮುದಿ ಇಲಿ ಅತ್ತ ಇತ್ತ ನೋಡದೆ ನೇರ ನುಗ್ಗಿ, ಆಚೆ ಕೂತು ಬೀಜ ತಿಂದಿತು.

ಮಾರನೆಯ ಬೆಳಿಗ್ಗೆ ಹಾರೆ ತೆಗೆದುಕೊಂಡು ಮೂಡಲ ಗೋಡೆ ಒಡೆಯಲು ನಿಂತೆ. ಸದ್ದಿಗೆ ಯಜಮಾನರು ಎದ್ದು ಕೂತರು.

"ಅಪ್ಪ ಒಳಗೆ ಬರ್ತಾನೆ ಕಣೇ."

"ಬಂದ್ರೆ ಒಂದು ಮುದ್ದೆ ಜಾಸ್ತಿ ಮಾಡ್ತೀನಿ," ಎಂದೆ. ಹಾರೆ ನಿಲ್ಲಿಸಲಿಲ್ಲ.

ಇಟ್ಟಿಗೆಯನ್ನೆಲ್ಲ ಹೊರಗೆ ಎತ್ತಿಹಾಕಿ ಹೊಸ್ತಿಲು ಸಾರಿಸಿದೆ. ಅದು ಆರುವ ಮೊದಲೇ ಅತ್ತೆ ಎದ್ದು ಚೊಂಬು ಹಿಡಿದು ಬಂದಳು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.